ಅಳಿಯನ ಅಂಗಳದ ಹುಲ್ಲು

ಕೆಂಪವ್ವ ಗಂಡನ ಸಂಗಡ ಮಾತು ಬಿಟ್ಟಿದ್ದಳು. ಮಾತು ಬಿಟ್ಟಿದ್ದಳೆಂದರೆ ಬಾಯಿ ಮುಚ್ಚಿದ್ದಳೆಂದು ಯಾರೂ ತಿಳಿಯಬಾರದು. ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಒಲೆಗೆ ಹೇಳುತ್ತಿದ್ದಳು, ಬೀಸುವ ಕಲ್ಲಿಗೆ ಹೇಳುತ್ತಿದ್ದಳು, ಕಿಡಕಿಯಲ್ಲಿ ಕುಳಿತ ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕು ಬೇಸತ್ತು ಎದ್ದುಹೋದರೆ ಗಂಡನಿಗೆ ಬೆನ್ನು ಮಾಡಿ ಗೋಡೆಗೆ ಹೇಳುತ್ತಿದ್ದಳು. ಒಟ್ಟಿನಲ್ಲಿ ಬೀರಸಿದ್ದಪ್ಪನಿಗೆ ತಲುಪದೆ ಉಳಿದ ಮಾತು ಒಂದೂ ಇರಲಿಲ್ಲ.

"ನೋಡ ಬೆಕ್ಕವ್ವಾ, ಯುಗಾದಿ ಬಂತಂದ್ರ ಮಂದಿ ಅಂಗಳಾ ಸಾರಸ್ತಾರ, ರಂಗೋಲಿ ಹಾಕ್ತಾರ. ನಮ್ಮನಿಯವ್ರು ಅಂಗಳದಾಗ ಕರಕಿ ಹಚ್ಯಾರ! ಮನಿ ಹಾಳ ಬಿದ್ದ ಮ್ಯಾಲ ಅಂಗಳದಾಗ ಹುಲ್ಲ ಬೆಳೀತೈತಿ ಅಂತ ಕೇಳಿದ್ನಿ. ಮನಿ ನೆಟ್ಟಗ ಇರೂವಾಗನ ಬೆಳಸೂದನ್ನ ಇವತ್ತ ನೋಡಿದ್ನಿ."

ಕರಕಿ ಎಂದರೆ ಗಣಪತಿಗೆ ಏರಿಸುವ ಅದೇ ಗರಿಕೆ. ಗಣಪತಿಯ ತಲೆಯ ಮೇಲಿದ್ದರೆ ಅದು ಪತ್ರೆ, ಹೊಲದಲ್ಲಿದ್ದರೆ ಶನಿ. ಆ ಸೀಮೆಯ ರೈತರು ತಲೆಮಾರುಗಳಿಂದ ಅದನ್ನು ಅಗೆದು, ಬೇರು ಆರಿಸಿ, ಬದುವಿನ ಮೇಲೆ ಒಣಗಿಸಿ, ಸುಟ್ಟು, ಸುಟ್ಟ ಬೂದಿಗೂ ಬೈದು ಮನೆಗೆ ಬರುತ್ತಾರೆ. ಮುಂದಿನ ಮಳೆಗೆ ಅದು ಏನೂ ಆಗದವರ ಹಾಗೆ ಎದ್ದು ನಿಂತಿರುತ್ತದೆ. ಅಂಥ ಕರಕಿಯನ್ನು ಕಾಲುವೆಯ ದಂಡೆಯಿಂದ ಬುಟ್ಟಿಗಟ್ಟಲೆ ಹೊತ್ತು ತಂದು, ಹೆಂಡತಿ ಸಗಣಿ ಸಾರಿಸಿ ಕನ್ನಡಿ ಮಾಡಿದ್ದ ಅಂಗಳವನ್ನು ಗುದ್ದಲಿಯಿಂದ ಅಗೆದು, ಸಾಲು ಹಿಡಿದು ನೆಟ್ಟು, ದಿನಾ ಮುಂಜಾನೆ ಸಂಜೆ ನೀರುಣಿಸಿದ ಮಹಾಪುರುಷ ಬೀರಸಿದ್ದಪ್ಪ. ದಂಡೆಯ ಮೇಲೆ ಕರಕಿ ಕೀಳುವಾಗ ಹೊಲದ ಕಡೆ ಹೊರಟಿದ್ದ ರೈತನೊಬ್ಬ ನಿಂತು ನೋಡಿ, "ಔಷಧಕ್ಕೇನ್ರಿ?" ಎಂದು ಮರುಕದಿಂದ ಕೇಳಿದ್ದ. ಅಂಗಳದಲ್ಲಿ ಹಚ್ಚಿ ಬೆಳೆಸಲಿಕ್ಕೆ ಎಂದು ಗೊತ್ತಾದ ಮೇಲೆ ಆ ರೈತ ಸ್ವಲ್ಪ ದೂರ ಹೋಗಿ, ತಿರುಗಿ ನೋಡಿ, ಕೈಮುಗಿದು ಹೋದ.

ಇಷ್ಟಕ್ಕೂ ಮೂಲ ಸಾಹೇಬರ ಒಂದು ಹುಕುಮು. ಹಿಡಕಲ್ಲಿನಲ್ಲಿ ಆಣೆಕಟ್ಟಿನ ಕೆಲಸ ನಡೆದ ಕಾಲ ಅದು. ಆಫೀಸಿನ ಮಂದಿಗೆಂದು ಕಟ್ಟಿದ ಕಾಲೊನಿಯಲ್ಲಿ ಕಾರಕೂನ ಬೀರಸಿದ್ದಪ್ಪನದೂ ಒಂದು ಮನೆ. ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ದೊಡ್ಡ ಸಾಹೇಬರಿಗೆ ಈ ಕಾಲೊನಿಯ ಕಲ್ಲು, ಸುಣ್ಣ, ಧೂಳು ನೋಡಿ ಜೀವ ಹೋದಂತಾಗಿತ್ತು. ಬಂದ ವಾರದೊಳಗೇ ಹುಕುಮು ಹೊರಟಿತು: ವಸಂತ ಬರುವ ಹೊತ್ತಿಗೆ ಪ್ರತಿ ಮನೆಯ ಮುಂದೆ ಹೂವಿನ ಗಿಡ ಇರತಕ್ಕದ್ದು, ಲಾನು ಇರತಕ್ಕದ್ದು. ಯುಗಾದಿಯ ಹಿಂದುಮುಂದು ಸಾಹೇಬರೂ ಅವರ ಮನೆಯವರೂ ಖುದ್ದಾಗಿ ನೋಡಲು ಬರುವರು, ಎಲ್ಲಕ್ಕಿಂತ ಚಂದದ ಲಾನಿಗೆ ಬೆಳ್ಳಿಯ ಕಪ್ಪು ಇನಾಮು. (ಆಫೀಸಿನ ಅರ್ಧ ಮಂದಿ ಅದನ್ನು ಲೋನು ಎಂದು ಓದಿಕೊಂಡು ಆ ದಿನ ಬಹಳ ಖುಷಿಯಲ್ಲಿದ್ದರು. ಹುಲ್ಲು ಎಂದು ಗೊತ್ತಾದ ಮೇಲೆ ತಲೆನೋವೆಂದು ಮನೆಗೆ ಹೋದರು.)

ಬೀರಸಿದ್ದಪ್ಪ ಮಾತ್ರ ಹಾರುತ್ತಲೇ ಮನೆಗೆ ಬಂದಿದ್ದ.

"ಕೆಂಪೂ, ಅಂಗಳದಾಗ ಹುಲ್ಲ ಬೆಳಸಿದ್ರ ಬೆಳ್ಳಿ ಕಪ್ಪು ಕೊಡ್ತಾರಂತ!"

"ಬೆಳ್ಳಿ ಕಪ್ಪಾದ್ರ ಹುಣಸಿಹಣ್ಣ ಹಚ್ಚಿ ತಿಕ್ಕಬೇಕು. ಅದನ್ಯಾಕ ಮಂದಿಗಿ ಕೊಡ್ತಾರ?"

"ಕಪ್ಪು ಅಂದ್ರ ಬಣ್ಣ ಅಲ್ಲ. ಕಪ್ಪು, ಕಪ್ಪು! ಹಿಡಕಿ ಇರ್ತಾವ ಎರಡೂ ಕಡೆ."

"ಎರಡೂ ಕಡೆ ಹಿಡಕಿ ಇದ್ರ ಚಹಾ ಕುಡಿಯೂದ ಹೆಂಗ? ಇಬ್ಬರು ಹಿಡೀಬೇಕೇನು?"

"ಕುಡಿಯೂದಲ್ಲ ಅದು. ಇಡೂದು. ನೋಡೂದು."

"ಹುಲ್ಲ ಬೆಳಿಯೂದು, ಮೇಸೂದಲ್ಲ, ನೋಡೂದು. ಕಪ್ಪ ತರೂದು, ಕುಡಿಯೂದಲ್ಲ, ನೋಡೂದು. ರೊಟ್ಟೀನೂ ಇನ್ನ ಮ್ಯಾಲ ನೋಡೂದ ಮಾಡ್ತೇನಿ, ಆತಿಲ್ಲೋ?"

ಆ ದಿನದಿಂದ ಮಾತು ಬಂದ್ ಆಗಿತ್ತು.

ಬೀರಸಿದ್ದಪ್ಪನಿಗೆ ಆ ಕಪ್ಪಿನ ಮೇಲೆ ಅಷ್ಟೊಂದು ಆಸೆ ಏಕೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವನು ಕುರಿ ಕಾಯುವ ಮನೆತನದ ಹುಡುಗ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂಡಿನ ಹಿಂದೆ ನಡೆದವರು. ಇವನೊಬ್ಬ ಹಿಂಡು ಬಿಟ್ಟು ಸಾಲಿಗೆ ಹೋದ, ಸಾಲಿ ಮುಗಿಸಿ ಕಾರಕೂನನಾದ. ಅದು ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿ. ಆದರೆ ಇವನು ಹೇಳಿಕೊಳ್ಳಲಿಲ್ಲ. ಕಾಲೊನಿಗೆ ಬಂದವನೇ ಕೋಟು, ಪಾಟಲೋನು, ಕರಿ ಟೋಪಿ ಹಾಕಿಕೊಂಡು, ಹೆಸರನ್ನೂ ಮೊಟಕು ಮಾಡಿ ಬಿ.ಎಸ್. ಆದ. ಅಪ್ಪ ಕೊಟ್ಟ ಕಂಬಳಿ ಟ್ರಂಕಿನ ತಳ ಸೇರಿತು. ಬಾಜೂಮನೆಯ ಓವರ್ಸೀಯರ ರಾಜಪ್ಪ ಒಮ್ಮೆ, "ನಿಮ್ಮದೇನ್ರಿ ಊರ ಕಡೆ?" ಎಂದು ಕೇಳಿದಾಗ, "ಹೊಲಾ, ಮನಿ, ಹಿಂಗ..." ಎಂದು ಕೈಯನ್ನು ದೊಡ್ಡದಾಗಿ ಆಡಿಸಿ ಮಾತು ತೇಲಿಸಿದ್ದ. ಆ ಬೆಳ್ಳಿಯ ಕಪ್ಪು ಒಂದು ಮನೆಗೆ ಬಂದುಬಿಟ್ಟರೆ ತನ್ನ ಮೈಗಂಟಿದ ಕುರಿಯ ವಾಸನೆ ಕೊನೆಗೂ ಹೋದೀತು, ತಾನೂ ಖರೇ ಸಾಹೇಬರ ಸಾಲಿಗೆ ಸೇರಿದೇನು ಎಂದು ಅವನ ನಂಬಿಕೆ. ವಾಸನೆ ಇರಲೇ ಇಲ್ಲ, ಅದು ಬೇರೆ ಮಾತು. ಇಲ್ಲದ ವಾಸನೆಯನ್ನು ತೊಳೆಯುವುದು ಬಹಳ ಕಷ್ಟ.

ಕೆಂಪವ್ವನಿಗೆ ಇಂಥ ಯಾವ ಕಾಯಿಲೆಯೂ ಇರಲಿಲ್ಲ. ಘೋಡಗೇರಿಯ ಲಗಮಪ್ಪನ ಮಗಳು ಅವಳು. ಲಗಮಪ್ಪನ ಹಿಂಡು ಎಂದರೆ ಹುಕ್ಕೇರಿ ಸೀಮೆಯಲ್ಲೆಲ್ಲ ಹೆಸರು. ನೀರಿಗೆ ಹೋದಲ್ಲಿ ಹೆಂಗಸರೆದುರು, "ನಮ್ಮಪ್ಪನ ಟಗರು ಒಂದ ಡಿಕ್ಕಿ ಹೊಡದ್ರ ನಿಮ್ಮ ರಾಜಪ್ಪನ ಮನಿ ಗ್ವಾಡಿ ಬೀಳ್ತೈತಿ" ಎಂದು ಅವಳು ಅಭಿಮಾನದಿಂದ ಹೇಳಲು ಬಾಯಿ ತೆಗೆದಾಗಲೆಲ್ಲ ಗಂಡ ಎಲ್ಲಿಂದಲೋ ಬಂದು ಕೆಮ್ಮುತ್ತಿದ್ದ. ಸಿಟ್ಟಿನಿಂದ ಅವಳ ಮುಖ ಹೆಸರಿಗೆ ತಕ್ಕ ಬಣ್ಣಕ್ಕೆ ತಿರುಗುತ್ತಿತ್ತು.

ಹುಲ್ಲು ಮಾತ್ರ ಬಂತು ನೋಡಿ. ಕರಕಿಗೆ ಯಾರೂ ಈ ಜನ್ಮದಲ್ಲಿ ನೀರು ಹಾಕಿರಲಿಲ್ಲವೇನೋ, ಆ ಸತ್ಕಾರಕ್ಕೆ ಅದು ಮೈಮರೆತು ಬೆಳೆಯಿತು. ಶಿವರಾತ್ರಿಗೆ ಬೆರಳುದ್ದ ಇದ್ದದ್ದು ಹೋಳಿ ಹುಣ್ಣಿಮೆಗೆ ಮೊಣಕಾಲು ಮುಟ್ಟಿತು. ಸುತ್ತಲೂ ಬಿಸಿಲಿಗೆ ಭೂಮಿ ಹಂಚಿನಂತೆ ಕಾದಿರುವಾಗ ಆ ಒಂದು ಅಂಗಳ ಮಾತ್ರ ಗಾಳಿಗೆ ಅಲೆಅಲೆಯಾಗಿ ಓಲಾಡುತ್ತಿತ್ತು. ಅಂಚಿಗೆ ಅರಭಾವಿಯಿಂದ ತಂದು ಚುಚ್ಚಿದ ಗುಲಾಬಿ ಕಡ್ಡಿ ಅದರೊಳಗೆ ಎಲ್ಲಿ ಹೋದವೋ ಅವುಗಳಿಗೇ ಗೊತ್ತು. ಒಂದು ದಿನ ಬೆಕ್ಕು ಅದರೊಳಗೆ ಹೊಕ್ಕು ಸಂಜೆಯವರೆಗೆ ದಾರಿ ಸಿಗದೆ ಕೂಗಿತು.

ಲಾನೆಂದರೆ ಬೆಳೆಸಿದರೆ ಸಾಲದು, ಅದನ್ನು ಒಂದೇ ಸಮನೆ ಗಿಡ್ಡಾಗಿ ಕತ್ತರಿಸಬೇಕು ಎಂಬ ಎರಡನೆಯ ಅಧ್ಯಾಯ ಬೀರಸಿದ್ದಪ್ಪನಿಗೆ ಗೊತ್ತಾದದ್ದು ರಾಜಪ್ಪನ ಅಂಗಳದಿಂದ ಟರ್ ಟರ್ ಎಂಬ ಸದ್ದು ಬಂದಾಗ. ರಾಜಪ್ಪ ಗೋಕಾಕಿನ ಯಾವನೋ ಗುರುತಿನವನ ಕಡೆಯಿಂದ ಹುಲ್ಲು ಕೊಯ್ಯುವ ಮಷೀನು ತರಿಸಿದ್ದ. ಎರಡು ಗಾಲಿ, ನಡುವೆ ತಿರುಗುವ ಕತ್ತಿ, ಹಿಂದೆ ಉದ್ದನೆಯ ಹಿಡಿಕೆ. ಅದನ್ನು ತಳ್ಳುವಾಗ ರಾಜಪ್ಪನ ಮುಖದ ಮೇಲೆ ರಥ ಎಳೆಯುವವನ ಗಾಂಭೀರ್ಯವಿತ್ತು. ಅವನ ಹೆಂಡತಿ ಸೀತವ್ವ ಮುಂದೆ ಮುಂದೆ ಹೋಗಿ ಹರಳು ಆರಿಸುತ್ತಿದ್ದಳು.

"ಒಂದ ತಾಸು ಕೊಡ್ರಿ ರಾಜಪ್ಪಾರ. ನಮ್ಮದೂ ಹೊಡ್ಕೊಂಡ ಬಿಡ್ತೇನಿ," ಎಂದು ಬೀರಸಿದ್ದಪ್ಪ ಬೇಲಿಯ ಮೇಲಿಂದ ಹಲ್ಲು ಕಿರಿದ.

ರಾಜಪ್ಪ ಆ ಹುಲ್ಲನ್ನು ಮೇಲಿನಿಂದ ಕೆಳಗೆ ನೋಡಿದ. "ಮಷೀನ ಭಾಳ ನಾಜೂಕ ಐತ್ರಿ ಬಿ.ಎಸ್. ಇದು ಲಾನ ಕೊಯ್ಯಾಕ ಮಾಡಿದ್ದು. ನಿಮ್ಮದು ಲಾನ ಅಲ್ರಿ, ಹುಲ್ಲುಗಾವಲು."

ಆ ಮಾತು ಬೀರಸಿದ್ದಪ್ಪನ ಎದೆಗೆ ನಾಟಿತು. ಅವನು ಆವೇಶದಿಂದ ಕುಡಗೋಲು ಹಿಡಿದು ಒಂದು ಮೂಲೆಯಿಂದ ಶುರುಮಾಡಿದ. ಅರ್ಧ ತಾಸಿನಲ್ಲಿ ಸೊಂಟ ಹಿಡಿಯಿತು. ಎದ್ದು ನಿಂತು ನೋಡಿದರೆ ಕೊಯ್ದ ಜಾಗ, ಕ್ಷೌರ ಮಾಡಿಸಿಕೊಳ್ಳುವಾಗ ಅರ್ಧಕ್ಕೇ ಎದ್ದು ಓಡಿದವನ ತಲೆಯಂತೆ ಕಾಣುತ್ತಿತ್ತು.

ಕೆಂಪವ್ವ ಬಾಗಿಲಲ್ಲಿ ನಿಂತು ಚೌಕಟ್ಟಿಗೆ ಹೇಳಿದಳು: "ಟ್ರಂಕಿನ್ಯಾಗ ಕುರಿ ಉಣ್ಣಿ ಕತ್ತರಸೂ ಕತ್ತರಿ ಐತಿ. ನಮ್ಮ ಮಾವ ಇದ್ದಾಗ ಅದರಲೆ ಒಂದ ಕೂದಲ ಮ್ಯಾಲ ಕೆಳಗ ಆಗಧಂಗ ಹಿಂಡಿಗಿ ಹಿಂಡ ಕತ್ತರಸ್ತಿದ್ರು. ಕೈ ಕಲತವ್ರಿಗಿ ಏನ ಕಷ್ಟ?"

"ಮೆಲ್ಲಕ ಮಾತಾಡ! ಬಾಜೂಕ ಕೇಳ್ತೈತಿ!" ಎಂದು ಬೀರಸಿದ್ದಪ್ಪ ಬೆಚ್ಚಿಬಿದ್ದ. ಬೇಲಿಯಾಚೆ ಓವರ್ಸೀಯರ, ಈಚೆ ಉಣ್ಣೆಯ ಕತ್ತರಿ! ಅದಕ್ಕಿಂತ ಸೋಲೇ ಮೇಲು ಎನಿಸಿತು ಅವನಿಗೆ. ಸಾಹೇಬರು ಬರುವ ದಿನ ಹತ್ತಿರವಾದಂತೆ ಊಟ ರುಚಿಸದೆ, ನಿದ್ದೆ ಹತ್ತದೆ, ಆಫೀಸಿನಲ್ಲಿ ಬರೆದದ್ದೆಲ್ಲ ತಪ್ಪಾಗಿ, ಅವನು ಅಂಗಳದ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂಡಲು ಹತ್ತಿದ.

ಕೆಂಪವ್ವ ಅದನ್ನು ಬಾಗಿಲಿನಿಂದಲೇ ನೋಡಿದಳು. ಸಿಟ್ಟು ಎಷ್ಟೇ ಇದ್ದರೂ ಗಂಡ ಗಂಡನೇ. ಹುಲ್ಲಿನ ಹುಚ್ಚು ತಲೆಗೆ ಏರಿದೆ, ಹಿರಿಯರು ಯಾರಾದರೂ ಬಂದು ನಾಲ್ಕು ಮಾತು ಹೇಳಿ ಇಳಿಸಬೇಕು ಎಂದು ಅವಳು ಯೋಚಿಸಿದಳು. ಘೋಡಗೇರಿಯಿಂದ ಮೊಸರು ಮಾರಲು ಬರುತ್ತಿದ್ದ ಅಲ್ಲವ್ವನನ್ನು ಒಳಗೆ ಕರೆದು ದನಿ ತಗ್ಗಿಸಿ ಹೇಳಿದಳು: "ನಮ್ಮಪ್ಪಗ ಹೇಳ ಅಲ್ಲವ್ವಕ್ಕಾ. ಅಳಿಯಾರು ಅಂಗಳ ತುಂಬ ಹುಲ್ಲ ಬೆಳಸ್ಯಾರ, ಲಗೂನ ಬರಬೇಕಂತ ಅನ್ನು."

ಅಲ್ಲವ್ವ ಪ್ರಾಮಾಣಿಕ ಹೆಂಗಸು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ, ಕೇಳಿದ್ದನ್ನು ಕೇಳಿದ ಹಾಗೆಯೇ ಲಗಮಪ್ಪನಿಗೆ ಮುಟ್ಟಿಸಿದಳು. ಕೆಂಪವ್ವನ ಮುಖದ ಮೇಲಿದ್ದ ಕಳವಳವನ್ನು ಮಾತ್ರ ಮೊಸರಿನ ಗಡಿಗೆಯ ಸಂಗಡ ಹಿಡಕಲ್ಲಿನಲ್ಲೇ ಬಿಟ್ಟು ಹೋಗಿದ್ದಳು.

ಸಾಹೇಬರು ಬರುವ ದಿನದ ಮುಂಜಾನೆ. ಬೀರಸಿದ್ದಪ್ಪ ಕನಸು ಕಾಣುತ್ತಿದ್ದ. ಕನಸಿನಲ್ಲಿ ಸಾಹೇಬರು ಬೆಳ್ಳಿಯ ಕಪ್ಪನ್ನು ಎರಡೂ ಕೈಯಿಂದ ಎತ್ತಿ, "ಮಿಸ್ಟರ್ ಬಿ.ಎಸ್.," ಎಂದು ಬಾಯಿ ತೆರೆದು "ಬ್ಯಾ" ಎಂದರು. ಅವನು ಮಗ್ಗಲು ಬದಲಿಸಿದ. ಸಾಹೇಬರ ಮನೆಯವರೂ "ಬ್ಯಾ" ಎಂದರು. ಆಮೇಲೆ ಇಡೀ ಆಫೀಸೇ ಹಾಗೆ ಅನ್ನಲು ಹತ್ತಿತು. ಅವನು ಎದ್ದು ಕುಳಿತ. ಕನಸು ಹೋಯಿತು, ಸದ್ದು ಹೋಗಲಿಲ್ಲ.

ಬಾಗಿಲು ತೆಗೆದರೆ ರಸ್ತೆಯ ತುಂಬ ಕುರಿ. ಅತ್ತ ರಾಜಪ್ಪನ ಬೇಲಿಯಿಂದ ಇತ್ತ ನೀರಿನ ಟಾಕಿಯವರೆಗೆ ಕರಿ, ಬಿಳಿ, ಕಂದು ಬೆನ್ನುಗಳು. ಎಲ್ಲವೂ ಬೇಲಿಗೆ ಮೂತಿ ಹಚ್ಚಿ, ಅಂಗಳದ ಹುಲ್ಲಿನ ಕಡೆಗೇ ನೋಡುತ್ತಾ ನಿಂತಿದ್ದವು. ಅವುಗಳ ನಡುವೆ ಕಂಬಳಿ ಹೊದ್ದು, ಕೋಲು ಹಿಡಿದು, ಧಾರಾಕಾರ ಕಣ್ಣೀರು ಸುರಿಸುತ್ತಾ ನಿಂತವನು ಮಾವ ಲಗಮಪ್ಪ.

"ಅಳಿಯಾರ!" ಎಂದು ಮುದುಕ ಬಿಕ್ಕಿದ. "ನಾ ನಿಮ್ಮನ್ನ ತಪ್ಪ ತಿಳದಿದ್ನಿರಿ. ಪಾಟಲೋನ ಹಾಕ್ಕೊಂಡ ಮ್ಯಾಲ ನಮ್ಮ ಅಳಿಯಾ ಕುರಿ ಮರತ, ಮಂದಿ ಮರತ ಅಂತ ಕಟ್ಟಿ ಮ್ಯಾಲ ಕುಂತ ಅಂದೇನಿ. ನಾಲಿಗಿ ಹೋಗಲಿ ನಂದು! ಈ ಸುಡಬಿಸಲಾಗ ಘೋಡಗೇರಿ ಸುತ್ತ ಒಂದ ಎಸಳ ಹಸರ ಇಲ್ರಿ. ಕುರಿ ಬೇಲಿ ಕಡ್ಡಿ ಕಡಕೋತ ನಿಂತಿದ್ದೂ. ಅಲ್ಲವ್ವ ಬಂದ ಹೇಳಿದ್ಲು, ಅಳಿಯಾರು ಅಂಗಳ ತುಂಬ ಹುಲ್ಲ ಬೆಳಸ್ಯಾರ, ಲಗೂನ ಬರಬೇಕಂತ. ನೀರ ಹಾಕಿ ಹುಲ್ಲ ಬೆಳಸೂದಂದ್ರ ಏನ್ರಿ! ಮಂದಿ ಕುಡಿಯಾಕ ನೀರಿಲ್ಲ ಅಂತಾರ, ನೀವು ನಮ್ಮ ಕುರಿ ಸಲುವಾಗಿ... ಹೊಟ್ಟ್ಯಾಗ ಹುಟ್ಟಿದ ಮಗಾ ಇದ್ರೂ ಇಷ್ಟ ಮಾಡ್ತಿದ್ದಿಲ್ರಿ!"

ಬೀರಸಿದ್ದಪ್ಪ ಹೆಂಡತಿಯ ಕಡೆ ನೋಡಿದ. ಹೆಂಡತಿ ಗೋಡೆಯ ಕಡೆ ನೋಡಿದಳು.

ಸಂಜೆ ಸಾಹೇಬರು ಬರುವವರು. "ಬ್ಯಾಡ್ರಿ ಮಾವಾರ" ಎಂಬ ಮಾತು ಬೀರಸಿದ್ದಪ್ಪನ ಗಂಟಲವರೆಗೆ ಬಂತು. ಅಷ್ಟರಲ್ಲಿ ಒಂದು ಮರಿ ಬೇಲಿಯ ಸಂದಿನಿಂದ ತಲೆ ತೂರಿಸಿ ಅವನ ಕಾಲಬೆರಳು ಮೂಸಿತು. ಪಕ್ಕೆಲುಬು ಎಣಿಸುವ ಹಾಗಿದ್ದವು. ಎಷ್ಟು ಕೋಟು ಹಾಕಿದರೇನು, ಹಸಿದ ಕುರಿಯ ಕಣ್ಣು ಅವನಿಗೆ ಸಣ್ಣಂದಿನಿಂದ ಗೊತ್ತಿದ್ದ ಕಣ್ಣು. ಗಂಟಲಿನ ಮಾತನ್ನು ನುಂಗಿ ಅವನು ಬೇರೆ ಮಾತು ಆಡಿದ.

"ಮೇಯ್ಲಿ ಬಿಡ್ರಿ ಮಾವಾರ. ಅವುಗಳ ಸಲುವಾಗೇ ಬೆಳಸೇನಿ."

ಹೇಳಿದ್ದಷ್ಟೇ, ಒಳಗೆ ಹೋಗಿ ಮುಸುಕು ಹಾಕಿಕೊಂಡು ಬಿದ್ದುಬಿಟ್ಟ. ಕಪ್ಪು ಹೋಯಿತು, ಮಾನ ಹೋಯಿತು, ಬಿ.ಎಸ್. ಎಂಬ ಎರಡಕ್ಷರವೂ ಹೋಯಿತು. ಹೊರಗಿನಿಂದ ಸಾವಿರ ಬಾಯಿ ಒಟ್ಟಿಗೆ ಹುಲ್ಲು ಹರಿಯುವ ಸದ್ದು, ಮಳೆ ಬಂದ ಹಾಗೆ ಕೇಳುತ್ತಿತ್ತು. ಅವನು ಕಿವಿಯಲ್ಲಿ ಬೆರಳಿಟ್ಟುಕೊಂಡ.

ಎಷ್ಟೋ ಹೊತ್ತಾದ ಮೇಲೆ ಕೆಂಪವ್ವ ಬಂದು ಮುಸುಕು ಎಳೆದಳು. ಬಹಳ ದಿನಗಳ ಮೇಲೆ ನೇರವಾಗಿ ಗಂಡನ ಮುಖ ನೋಡಿ ಮಾತಾಡಿದಳು.

"ಏನ್ರಿ, ಸ್ವಲ್ಪ ಹೊರಗ ಬರ್ರಿ."

"ಏನ ನೋಡಾಕ? ಹೆಣಾ ನೋಡಾಕ?"

"ಬರ್ರಿ ಅಂದ್ರ ಬರ್ರಿ!"

ಬಂದು ನೋಡಿದ ಬೀರಸಿದ್ದಪ್ಪ ಬಾಗಿಲಲ್ಲೇ ಕಂಬದಂತೆ ನಿಂತ. ಮೊಣಕಾಲುದ್ದದ ಅಡವಿ ಎಲ್ಲಿ? ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೆಳೆ ಮೇಲಿಲ್ಲ, ಒಂದೆಳೆ ಕೆಳಗಿಲ್ಲ, ಹಸಿರು ಮಕಮಲ್ಲು ಹಾಸಿದಂತೆ ಅಂಗಳ ಮಿನುಗುತ್ತಿತ್ತು. ಅವನ ಕುಡಗೋಲಿನ ಗಾಯ ಕೂಡ ಗುರುತಿಲ್ಲದಂತೆ ಸಮನಾಗಿತ್ತು. ಕಳೆದುಹೋಗಿದ್ದ ಗುಲಾಬಿ ಕಡ್ಡಿಗಳು ಅಂಚಿನಲ್ಲಿ ಶಿಸ್ತಾಗಿ ಚಿಗುರಿ ನಿಂತಿದ್ದವು. ಕುರಿ ಬಾಯಿ ಹಾಕದಂತೆ ಲಗಮಪ್ಪ ಅವುಗಳ ಮೇಲೆ ತನ್ನ ಕಂಬಳಿ ಹಾಸಿದ್ದನಂತೆ, "ಮಗಳ ಮನಿ ಹೂವು" ಎಂದು. ಹಿಂಡು ಹೊಟ್ಟೆ ತುಂಬಿ ಹೊಳೆಯ ಕಡೆಯ ಗಿಡಗಳ ನೆರಳಿಗೆ ಹೋಗಿ ಮಲಗಿತ್ತು. ಕೆಂಪವ್ವ ಕುರಿಗಳ ಹಿಕ್ಕೆಯನ್ನೆಲ್ಲ ಪೊರಕೆಯಿಂದ ಗೂಡಿಸಿ ಗುಲಾಬಿಯ ಬುಡಕ್ಕೆ ಹಾಕಿ, ಮಿಕ್ಕಿದ್ದನ್ನು ಬುಟ್ಟಿ ತುಂಬಿ ಹಿತ್ತಲಲ್ಲಿ ಇಟ್ಟಿದ್ದಳು.

"ಕೆಂಪೂ..." ಎಂದ ಬೀರಸಿದ್ದಪ್ಪ.

ಆ ಹೊತ್ತಿಗೆ ಬೇಲಿಯಾಚೆ ರಾಜಪ್ಪನ ಮನೆಯಲ್ಲಿ ಬೇರೆಯದೇ ನಾಟಕ ನಡೆದಿತ್ತು. ಸಾಹೇಬರು ಬರುವ ಮೊದಲು ಇನ್ನೊಂದಿಷ್ಟು ಗಿಡ್ಡ ಮಾಡೋಣವೆಂದು ರಾಜಪ್ಪ ಮಷೀನಿನ ಕತ್ತಿಯನ್ನು ಇಳಿಸಿ ತಳ್ಳಿದ್ದ. ಮಷೀನು ಹುಲ್ಲನ್ನು ಬಿಟ್ಟು ನೆಲವನ್ನೇ ಕೊಯ್ಯಲು ಹತ್ತಿ, ಅಂಗಳದ ತುಂಬ ಕೆಂಪು ಮಣ್ಣಿನ ಬರೆ ಎಳೆದಿತ್ತು. ಸೀತವ್ವ ತೊಡೆಯ ಮೇಲೆ ಕೈ ಹೊಡೆದುಕೊಂಡು, "ಇದ್ದದ್ದನ್ನ ಇರಗೊಡ್ರಿ ಅಂತ ಬಡಕೊಂಡ್ನಿ," ಎನ್ನುತ್ತಿದ್ದಳು. ಬೀರಸಿದ್ದಪ್ಪನಿಗೆ ನಗು ಬಂತು. ತಡೆದುಕೊಳ್ಳಬೇಕೆಂದು ಪ್ರಯತ್ನವನ್ನೇನೂ ಮಾಡಲಿಲ್ಲ.

ಸಂಜೆ ಸಾಹೇಬರು ಬಂದರು, ಅವರ ಮನೆಯವರು ಬಂದರು, ಹಿಂದೆ ಅರ್ಧ ಆಫೀಸು ಬಂತು. ಎಲ್ಲ ಅಂಗಳಗಳನ್ನು ನೋಡಿ ನೋಡಿ ಸಾಹೇಬರ ಮುಖ ಇಳಿದುಹೋಗಿತ್ತು. ಬೀರಸಿದ್ದಪ್ಪನ ಮನೆಯ ಮುಂದೆ ಬಂದವರು ಚಪ್ಪಲಿ ಕಳಚಿಬಿಟ್ಟರು.

"ಏನ್ರೀ ಇದು! ನಮ್ಮ ಮೈಸೂರಲ್ಲೂ ಹೀಗೆ ನೋಡಿಲ್ಲವಲ್ರೀ! ಎಷ್ಟು ಸಮವಾಗಿ ಕತ್ತರಿಸಿದೀರಿ! ಯಾವ ಮಷೀನು ಇದು?"

ಬೀರಸಿದ್ದಪ್ಪ ಟೋಪಿ ಸರಿಮಾಡಿಕೊಂಡ. ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ಲಗಮಪ್ಪನಿಗೆ ಮಷೀನು ಎಂಬ ಮಾತು ತಿಳಿಯಲಿಲ್ಲ. ಈ ಕಡೆಯವರಲ್ಲದ ಸಾಹೇಬರು ತಮ್ಮ ಭಾಷೆಯಲ್ಲಿ ಕುರಿಗೆ ಹಾಗೆ ಅನ್ನುತ್ತಾರೇನೋ ಎಂದುಕೊಂಡು ಅವನೇ ಮುಂದೆ ಬಂದ.

"ನಮ್ಮದ್ರಿ ಸಾಹೇಬ್ರ. ಘೋಡಗೇರಿದು."

"ಓಹೋ, ಊರಲ್ಲೇ ತಯಾರಾಗುತ್ತೋ?"

"ವರ್ಷಾ ತಯಾರ ಆಗ್ತಾವ್ರಿ. ಕೆಲವೊಂದ ಎರಡೆರಡ ಕೊಡ್ತಾವು."

ಸಾಹೇಬರು ತಲೆಯಾಡಿಸಿದರು. ತಿಳಿಯದ್ದಕ್ಕೆ ತಲೆಯಾಡಿಸುವುದು ದೊಡ್ಡ ಹುದ್ದೆಯ ಮೊದಲ ಪಾಠ. "ಹಲ್ಲು ಹೇಗೆ? ಗಟ್ಟೀನಾ?"

"ಕೆಳಗಷ್ಟ ಇರ್ತಾವ್ರಿ, ಮ್ಯಾಲ ಬರೇ ವಸಡಿ. ಹಲ್ಲ ನೋಡೇ ಮಂದಿ ತಗೋತಾರ. ಹಲ್ಲ ಹೋದವ್ನ ನಾ ಇಟ್ಕೊಳ್ಳೂದಿಲ್ರಿ."

"ವೆರಿ ಗುಡ್. ಎಣ್ಣೆ ಹಾಕ್ತೀರಾ?"

"ಎಣ್ಣಿ ಯಾಕ್ರಿ? ನೀರ ಕುಡಿಸಿದ್ರ ಸಾಕ. ಮಳಿಗಾಲದಾಗ ಕೆಮ್ಮ ಬಂದ್ರ ಒಂದೀಟ ಬೆಲ್ಲಾ ತಿನಸ್ತೇವಿ."

ಸಾಹೇಬರ ಮನೆಯವರು ಸೆರಗು ಬಾಯಿಗೆ ಹಚ್ಚಿಕೊಂಡರು. ಸಾಹೇಬರಿಗೆ ಮಾತ್ರ ಈ ಸೀಮೆಯ ಕನ್ನಡ ತಮಗೆ ಇನ್ನೂ ಪೂರ್ತಿ ಬಂದಿಲ್ಲ ಎಂಬ ಸಂಕೋಚವಿತ್ತು. ಹೆಚ್ಚು ಕೇಳಲು ಹೋಗದೆ, "ಕಪ್ಪು ನಿಮ್ಮದೇ ಬೀರಸಿದ್ದಪ್ಪನವರೇ, ಯುಗಾದಿ ಸಂಜೆ ಕೊಡ್ತೀನಿ," ಎಂದು ಎಲ್ಲರೆದುರು ಸಾರಿಬಿಟ್ಟರು. ಜನ ಚಪ್ಪಾಳೆ ಹೊಡೆದರು. ರಾಜಪ್ಪನೂ ಎರಡು ಬೆರಳಿನಿಂದ ಹೊಡೆದ. ಹೋಗುತ್ತಾ ಹೋಗುತ್ತಾ ಸಾಹೇಬರು ಲಗಮಪ್ಪನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಅದು ನಮ್ಮ ಬಂಗಲೆಗೂ ಬರಲಿ," ಎಂದರು.

"ಹೊತ್ತ ಹೊಂಡೂದ್ರಾಗ ಬರ್ತಾವ್ರಿ!" ಎಂದು ಅಳಿಯ ಬಾಯಿ ತೆರೆಯುವ ಮೊದಲೇ ಮಾವ ಮಾತು ಕೊಟ್ಟಾಗಿತ್ತು.

ಮರುದಿನ ಮುಂಜಾನೆ ಸಾಹೇಬರು ಹಲ್ಲುಜ್ಜುತ್ತಾ ಬಂಗಲೆಯ ಪಡಸಾಲೆಗೆ ಬಂದರೆ, ಅವರ ಲಾನಿನ ತುಂಬ ಮಷೀನುಗಳು ತಲೆ ತಗ್ಗಿಸಿ ಕೆಲಸದಲ್ಲಿ ತೊಡಗಿದ್ದವು. ಟಗರೊಂದು ತಲೆ ಎತ್ತಿ ಅವರನ್ನು ನೋಡಿ, ಇವರಿಂದ ಏನೂ ಪ್ರಯೋಜನವಿಲ್ಲವೆಂದು ಮತ್ತೆ ಮೇಯತೊಡಗಿತು. ಬೀರಸಿದ್ದಪ್ಪ ಕೋಟು ಟೋಪಿ ಧರಿಸಿ, ಗೇಟಿನ ಹತ್ತಿರ, ನೌಕರಿ ಹೋದವನ ಮುಖ ಹೊತ್ತು ನಿಂತಿದ್ದ. ಸಾಹೇಬರ ಬಾಯಿಯಲ್ಲಿ ಬ್ರಶ್ಶು ಇದ್ದದ್ದರಿಂದ ಮೊದಲ ಮಾತು ಏನೆಂದು ಯಾರಿಗೂ ತಿಳಿಯಲಿಲ್ಲ.

ಬಚಾವು ಮಾಡಿದವರು ಅವರ ಮನೆಯವರು. ಹೊರಗೆ ಬಂದು ನೋಡಿ, ಕಂಬ 
ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನೋಡ್ರೀ, ಎಷ್ಟು ಅಚ್ಚುಕಟ್ಟಾಗಿ, ಮಾತಿಲ್ಲದೆ ಕೆಲಸ ಮಾಡ್ತಾವೆ. ನಿಮ್ಮ ಆಫೀಸಿನವರಿಗಿಂತ ವಾಸಿ!" ಎಂದರು. ಹೆಂಡತಿ ನಕ್ಕ ಮೇಲೆ ಸಾಹೇಬರಿಗೂ ಬೇರೆ ದಾರಿಯಿರಲಿಲ್ಲ. ನಗುತ್ತಲೇ ಅಲ್ಲಿಯೇ ಹುಕುಮು ಆಯಿತು: ಯುಗಾದಿ ಸಂಜೆಯೊಳಗೆ ಕಾಲೊನಿಯ ಎಲ್ಲ ಅಂಗಳಗಳಿಗೂ ಈ ಹಿಂಡು ಹೋಗಬೇಕು, ಕಪ್ಪು ಕೊಡುವ ಹೊತ್ತಿಗೆ ಎಲ್ಲವೂ ಒಂದೇ ಸಮನೆ ಕಾಣಬೇಕು. ಮೇಲ್ವಿಚಾರಣೆ, ಬೀರಸಿದ್ದಪ್ಪನವರದು.

"ಹಬ್ಬದ ದಿನ ನಾ ಊರಾಗ ಇರಬೇಕ್ರಿ ಅಳಿಯಾರ," ಎಂದ ಲಗಮಪ್ಪ, ಮನೆಗೆ ಬಂದ ಮೇಲೆ. "ದೇವರಿಗಿ ಬೇವು ಏರಸಾಕ ಮನ್ಯಾಗ ಹಿರ್ಯಾರು ಬ್ಯಾರೆ ಯಾರಿಲ್ಲ. ಹಿಂಡ ನಿಮ್ಮ ಕೈಯಾಗ ಬಿಟ್ಟ ಹೊಂಟೇನಿ. ಮನಿಮಗಾ ಇರೂವಾಗ ನನಗ್ಯಾಕ ಚಿಂತಿ?"

ಹಾಗೆ ಯುಗಾದಿಯ ಮುಂಜಾನೆ, ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಬೇವು ಬೆಲ್ಲ ತಿಂದು, ಬೀರಸಿದ್ದಪ್ಪ ಪಾಟಲೋನು ಹಾಕಿಕೊಂಡು ಹಿಂಡಿನ ಮುಂದೆ ನಿಂತ. "ನಡೀರಿ," ಎಂದ. ಕುರಿಗಳು ಪಾಟಲೋನು ನೋಡಿ ಬೆದರಿ ಗುಂಪಾಗಿ ಟಾಕಿಯ ಹಿಂದೆ ಓಡಿದವು. ಅವನು ಹಿಂದೆ ಓಡಿದ. ಅವು ಮುಂದೆ ಓಡಿದವು. ಕಾಲೊನಿಯ ಹೆಂಗಸರು ರಂಗೋಲಿ ಬಿಟ್ಟು ಎದ್ದು ನೋಡತೊಡಗಿದರು.

"ಆ ಪಾಟಲೋನ ತಗೀರಿ ಮೊದಲ!" ಎಂದು ಕೆಂಪವ್ವ ಬಾಗಿಲಿನಿಂದ ಕೂಗಿದಳು. (ಬಾಜೂಕ ಕೇಳುತ್ತದೆ ಎಂಬ ಅಂಜಿಕೆ ಈಗ ಗಂಡನಿಗೂ ಉಳಿದಿರಲಿಲ್ಲ.) ಟ್ರಂಕು ತೆರೆದು, ಧೋತರ ಕೊಟ್ಟು, ತಳದಲ್ಲಿದ್ದ ಕಂಬಳಿಯನ್ನು ಜಾಡಿಸಿ ಕೊಪ್ಪೆ ಮಾಡಿ ತಾನೇ ಅವನ ತಲೆಗೆ ಹಾಕಿದಳು. ಹಾಕಿ ಒಂದು ಗಳಿಗೆ ದೂರ ನಿಂತು ನೋಡಿದಳು. "ಲಗ್ನದಾಗ ಹಿಂಗ ಇದ್ರಿ," ಎಂದಳು.

ಬೀರಸಿದ್ದಪ್ಪ ಹೊರಗೆ ಬಂದು ಗಂಟಲು ಸರಿಮಾಡಿಕೊಂಡ. ಅಪ್ಪ ಕೂಗುತ್ತಿದ್ದ ಕೂಗು ಬರುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಬಾಯಿ ತೆರೆದರೆ ಅದು ತಾನಾಗಿಯೇ ಬಂತು: "ಹರ್‍ರ್‍ರ್‍ರ್... ಹೋ... ಬಾ ಬಾ ಬಾ!" ಟಾಕಿಯ ಹಿಂದಿನಿಂದ ಮೊದಲು ಟಗರು ಹೊರಬಂತು, ಅದರ ಹಿಂದೆ ಮರಿಗಳು, ಅವುಗಳ ಹಿಂದೆ ಇಡೀ ಹಿಂಡು. ಅವನು ಮುಂದೆ ನಡೆದ. ಆಫೀಸಿನಲ್ಲಿ ಇಷ್ಟು ವರ್ಷಗಳಲ್ಲಿ ಅವನ ಮಾತಿಗೆ ಒಬ್ಬ ಸಿಪಾಯಿ ಎದ್ದು ಬಂದವನಲ್ಲ. ಇಂದು ಒಂದು ಕೂಗಿಗೆ ಒಂದು ರಸ್ತೆ ತುಂಬುವಷ್ಟು ಪ್ರಜೆಗಳು ಬೆನ್ನಿಗೆ ಬಿದ್ದು ಬರುತ್ತಿದ್ದರು. ಅವನ ಎದೆ ಕಂಬಳಿಯೊಳಗೆ ಹಿಡಿಸಲಾರದಷ್ಟು ಉಬ್ಬಿತು.

ಮನೆಮನೆಯ ಬಾಗಿಲಲ್ಲಿ ಜನ ಕಾದು ನಿಂತಿದ್ದರು. "ಮೊದಲ ನಮ್ಮನಿ", "ಇಲ್ರಿ, ನಮ್ಮದು ಸಣ್ಣ ಅಂಗಳ, ಲಗೂ ಆಗ್ತೈತಿ" ಎಂದು ಜಗಳವೇ ಹತ್ತಿತು. ರಾಜಪ್ಪ ಬೇಲಿಯ ಮೇಲಿಂದ ಬಗ್ಗಿ, ಮಷೀನನ್ನು ಕಾಲಿನಿಂದ ಹಿಂದೆ ಸರಿಸುತ್ತಾ, "ನಮ್ಮ ಅಂಗಳಕ್ಕ ಯಾವಾಗ ತರ್ತೀರಿ ಬೀರಸಿದ್ದಪ್ಪಾರ?" ಎಂದು ಕೇಳಿದ. ಬಿ.ಎಸ್. ಎನ್ನಲಿಲ್ಲ. ಬೀರಸಿದ್ದಪ್ಪ ಅವನ ಮಣ್ಣಿನ ಅಂಗಳವನ್ನು ಮೇಲಿನಿಂದ ಕೆಳಗೆ ನೋಡಿ, "ನಮ್ಮವು ಹುಲ್ಲ ತಿಂತಾವ್ರಿ ರಾಜಪ್ಪಾರ, ಮಣ್ಣ ತಿನ್ನೂದಿಲ್ಲ," ಎಂದ. ಆದರೂ ಹಬ್ಬದ ದಿನ, ನೆರೆಮನೆಯವನು ಎಂದು ಎರಡು ಮುದಿ ಕುರಿಗಳನ್ನು ಒಳಗೆ ಬಿಟ್ಟ.

ಬಿಸಿಲು ಏರಿತು. ಕೊನೆಗೆ ಅಂಚಿನ ಹುಲ್ಲು ಉಳಿದಿದೆಯೆಂದು ಹಿಂಡು ಸಾಹೇಬರ ಬಂಗಲೆಯ ಮುಂದೆ ಬಂದು ನಿಂತಿತು. ಬೀರಸಿದ್ದಪ್ಪ ಕೋಲಿಗೆ ಗದ್ದ ಊರಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಕಂಬಳಿಯ ಕೊಪ್ಪೆಯೊಳಗೆ ಹಾಯಾಗಿ ನಿಂತಿದ್ದ. ಹಾಗೆ ನಿಂತು ಎಷ್ಟು ವರ್ಷವಾಗಿತ್ತೋ!

ಸಾಹೇಬರ ಮನೆಯವರು ಪಡಸಾಲೆಗೆ ಬಂದು ಅವನನ್ನು ನೋಡಿದರು. ಕೋಟಿಲ್ಲ, ಟೋಪಿಯಿಲ್ಲ, ಗುರುತು ಸಿಗಲಿಲ್ಲ.

"ಏನಪ್ಪಾ, ಕುರಿಯವನೇ," ಎಂದು ಕರೆದರು. "ನಿಮ್ಮ ಕ್ಲಾರ್ಕು ಬೀರಸಿದ್ದಪ್ಪನವರು ಎಲ್ಲಿ? ಸಂಜೆ ಎಲ್ಲರ ಮುಂದೆ ಬೆಳ್ಳಿ ಕಪ್ಪು ಕೊಡೋದಿದೆ. ಒಳ್ಳೆ ಕೋಟು ಹಾಕ್ಕೊಂಡು ಬೇಗ ಬರೋದಕ್ಕೆ ಹೇಳು."

ಬೀರಸಿದ್ದಪ್ಪ ಕೊಪ್ಪೆಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು ಕೈಮುಗಿದ.

"ಹೇಳ್ತೇನ್ರಿ ಅವ್ವಾರ. ಆದ್ರ ಲಗೂ ಬರಾಕ ಆಗೂದಿಲ್ರಿ. ಅವ್ರು ಕುರಿ ಮೇಸಾಕ ಹೋಗ್ಯಾರ."